ಉಕ್ಕು ಇದ್ದರೂ ಇಟ್ಟಿಗೆಯೇ ಏಕೆ?

ಷಿಕಾಗೊದ ಹಳೆಯ ಪೇಟೆ ಲೂಪ್‌ನಲ್ಲಿರುವ ಮೊನಾಡ್‌ನಾಕ್ ಕಟ್ಟಡಕ್ಕೆ ನೆಂಟರನ್ನು ಕರೆದೊಯ್ದಾಗಲೆಲ್ಲ ಅವರು ಕೇಳುವ ಪ್ರಶ್ನೆ ಒಂದೇ: ಲೋಹದ ಚೌಕಟ್ಟಿನ ಮೇಲೆ ಎತ್ತರದ ಕಟ್ಟಡ ನಿಲ್ಲಿಸುವ ವಿದ್ಯೆ ಅದೇ ಊರಿಗೆ ಆಗಲೇ ಬಂದಿದ್ದರೂ, 16 ಮಹಡಿಗಳ ಹೊರಗೋಡೆಯನ್ನು ಭಾರ ಹೊರುವ ಇಟ್ಟಿಗೆಯಿಂದಲೇ ಏಕೆ ಕಟ್ಟಿದರು?

ಕೇಳಬೇಕಾದ ಪ್ರಶ್ನೆಯೇ ಇದು. ವಾಸ್ತುಶಿಲ್ಪಿ ವಿಲಿಯಂ ಲೆ ಬ್ಯಾರನ್ ಜೆನಿ ಅದೇ ಊರಿನ 1885ರ ಹೋಮ್ ಇನ್ಶೂರೆನ್ಸ್ ಕಟ್ಟಡದಲ್ಲಿ ಲೋಹದ ಕಂಬ-ತೊಲೆಗಳ ದಾರಿಯನ್ನು ತೋರಿಸಿಯಾಗಿತ್ತು. ಮೊನಾಡ್‌ನಾಕ್‌ನ ಉತ್ತರ ಭಾಗ ಮುಗಿದದ್ದು 1891ರಲ್ಲಿ. ಅದನ್ನು ವಿನ್ಯಾಸ ಮಾಡಿದ ಜಾನ್ ವೆಲ್‌ಬಾರ್ನ್ ರೂಟ್ ಅವರಿಗೆ ಆ ವಿದ್ಯೆ ತಿಳಿಯದೆ ಇರಲಿಲ್ಲ. ಗಾಳಿಯ ಒತ್ತಡವನ್ನು ತಡೆಯಲು ಒಳಗೆ ಕಬ್ಬಿಣದ ಕಟ್ಟುಗಳನ್ನು ಅವರೇ ಬಳಸಿದ್ದಾರೆ. ಆದರೆ ಹಣ ಹಾಕಿದ ಬಾಸ್ಟನ್ನಿನ ಬ್ರೂಕ್ಸ್ ಸಹೋದರರಿಗೆ ಹೊಸ ಚೌಕಟ್ಟಿನ ಬಾಳಿಕೆಯ ಮೇಲೆ ಭರವಸೆ ಇರಲಿಲ್ಲ. ಅವರಿಗೆ ಅಲಂಕಾರವೂ ಬೇಡವಾಗಿತ್ತು, ಏಕೆಂದರೆ ಹೊರಚಾಚಿದ ಅಂಚುಗಳಲ್ಲಿ ಕೊಳೆ ಕೂರುತ್ತದೆ.

ಈ ಕಟ್ಟಳೆಗಳಿಂದಲೇ ರೂಟ್ ಇಷ್ಟು ಸುಂದರವಾದುದನ್ನು ತೆಗೆದರೆಂಬುದು ನನ್ನ ದೃಢವಾದ ಅಭಿಪ್ರಾಯ. ಬುಡದಲ್ಲಿ 6 ಅಡಿ ದಪ್ಪವಿರುವ ಗೋಡೆ, ಎತ್ತರದ ಆಳೊಬ್ಬ ಕಾಲು ಚಾಚಿ ಮಲಗುವಷ್ಟು ಅಗಲ; ಅದು ಎರಡನೆಯ ಮಹಡಿಯ ಬಳಿ ಮೆಲ್ಲಗೆ ಒಳಕ್ಕೆ ಬಾಗಿ, ನೇರವಾಗಿ ಮೇಲೇರಿ, ತುದಿಯಲ್ಲಿ ಮತ್ತೆ ಹೊರಕ್ಕೆ ಅರಳುತ್ತದೆ. ಕಟ್ಟಡದ ಮೂಲೆಯನ್ನು ಕೆಳಗಿನಿಂದ ಮೇಲಕ್ಕೆ ಕಣ್ಣಿನಲ್ಲೇ ಸವರಿಕೊಂಡು ಹೋಗಿ: ಬುಡದಲ್ಲಿ ಚೂಪಾಗಿರುವ ಅಂಚು ಮಹಡಿಯಿಂದ ಮಹಡಿಗೆ ಸ್ವಲ್ಪ ಸ್ವಲ್ಪವೇ ಸವೆದಂತೆ ಕಾಣುತ್ತದೆ. ಆ ತಿರುವಿಗಾಗಿ ಇಟ್ಟಿಗೆಗಳನ್ನು ಬೇರೆಯೇ ಅಚ್ಚುಗಳಲ್ಲಿ ಮಾಡಿಸಬೇಕಾಯಿತು. ಕೆತ್ತನೆ ಮಾಡಬೇಕಿದ್ದ ಕೆಲಸವನ್ನು ಇಲ್ಲಿ ಗೋಡೆಯ ಬಾಗೇ ಮಾಡುತ್ತದೆ.

ಬೆಲೆಯನ್ನೂ ತೆರಬೇಕಾಯಿತು. ಒಳ್ಳೆಯ ಬಾಡಿಗೆ ತರಬೇಕಾದ ನೆಲಮಹಡಿಯ ಜಾಗವನ್ನು ಗೋಡೆಯೇ ನುಂಗಿತು. ಷಿಕಾಗೊದ ನೆಲ ಮೆತ್ತನೆಯ ಜೇಡಿ. ಕಟ್ಟಡ 8 ಅಂಗುಲ ಕೆಳಗೆ ಕೂರಬಹುದೆಂದು ಲೆಕ್ಕ ಹಾಕಿದ್ದರೂ ಭಾರದಿಂದ ಅದು ಒಟ್ಟು ಸುಮಾರು 20 ಅಂಗುಲ ಇಳಿಯಿತು. ಆದ್ದರಿಂದ ಬೀದಿಯಿಂದ ಒಳಹೋಗುವವರು ಒಂದು ಮೆಟ್ಟಿಲು ಇಳಿಯಬೇಕು. ನೆಂಟರನ್ನು ನಾನು ಮೊದಲು ನಿಲ್ಲಿಸುವುದು ಆ ಮೆಟ್ಟಿಲಿನ ಮೇಲೆ. ಗೋಡೆಯ ತೂಕವನ್ನು ಮಾತಿನಲ್ಲಿ ವಿವರಿಸುವುದಕ್ಕಿಂತ ಅದು ಚೆನ್ನಾಗಿ ತಿಳಿಸುತ್ತದೆ.

ರೂಟ್ ತಮ್ಮ ಕೆಲಸ ಪೂರ್ಣಗೊಂಡದ್ದನ್ನು ನೋಡಲಿಲ್ಲ. 1891ರ ಜನವರಿಯಲ್ಲಿ, 41ನೆಯ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡರು. ಎರಡು ವರ್ಷಗಳ ನಂತರ ಹೊಲಾಬರ್ಡ್ ಮತ್ತು ರೋಶ್ ಸಂಸ್ಥೆ ಅದೇ ಕಟ್ಟಡಕ್ಕೆ ದಕ್ಷಿಣ ಭಾಗವನ್ನು ಸೇರಿಸಿತು, ಈ ಬಾರಿ ಉಕ್ಕಿನ ಚೌಕಟ್ಟಿನ ಮೇಲೆ. ಡಿಯರ್‌ಬಾರ್ನ್ ಬೀದಿಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ನಡೆದರೆ, ದಪ್ಪ ಗೋಡೆಯಲ್ಲಿ ಆಳಕ್ಕೆ ಸರಿದಿದ್ದ ಕಿಟಕಿಗಳು ಅರ್ಧ ದಾರಿ ಕಳೆದ ಮೇಲೆ ಮುಂದಕ್ಕೆ ಬಂದು ಅಗಲವಾಗುತ್ತವೆ.