ಹತ್ತು ಸುತ್ತಿಗೊಂದು ಗೀಟು

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ವಾರಕ್ಕೊಂದು ದಿನ ನಮ್ಮ ತಂಡ ಬಯಲುಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿಗೆ ಬಂದ ಒಬ್ಬ ಹುಡುಗನ ಬಗ್ಗೆ, ಅವನ ವಿಷಯದಲ್ಲಿ ನಾನು ಮಾಡಿದ ತಪ್ಪಿನ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಗುರುತು ಸಿಗದಿರಲೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯುತ್ತೇನೆ ಎಂದು ಹೇಳಿ ಅವನ ಒಪ್ಪಿಗೆಯನ್ನೂ ಕೇಳಿದ್ದೇನೆ.

ಬಂದಾಗ ಅವನಿಗೆ 20 ವರ್ಷ. ಐಟಿಐ ಎಲೆಕ್ಟ್ರಿಷಿಯನ್ ಓದು ಅರ್ಧಕ್ಕೆ ನಿಂತಿತ್ತು. ಪಕ್ಕದ ಮನೆಯವರು ಗೋಡೆಯಾಚೆಯಿಂದ ತನ್ನ ಬಗ್ಗೆಯೇ ಮಾತಾಡುತ್ತಾರೆ ಎಂದು ರಾತ್ರಿಯಿಡೀ ಕಿಟಕಿ ಮುಚ್ಚಿ ಕೂರುತ್ತಿದ್ದ. ಗಾಳಿ ಸೋಕಿದೆ ಅಂತ ಮನೆಯವರು ಅಂತ್ರ ಕಟ್ಟಿಸಿ, ಹರಕೆ ಹೊತ್ತು, ಎಂಟು ತಿಂಗಳು ಕಳೆದ ಮೇಲೆ ನಮ್ಮಲ್ಲಿಗೆ ಕರೆತಂದರು. ಅವರನ್ನು ದೂರುವ ಮನಸ್ಸು ನನಗಿಲ್ಲ. ಎಂಟು ತಿಂಗಳೂ ಅವರು ಮಗನಿಗಾಗಿ ಓಡಾಡಿದ್ದಾರೆ, ದಾರಿ ತೋರಿಸುವವರು ಸಿಕ್ಕಿರಲಿಲ್ಲ ಅಷ್ಟೆ.

ಮಾತ್ರೆ ಶುರುವಾಗಿ ಆರೇಳು ವಾರಕ್ಕೆ ಧ್ವನಿಗಳು ನಿಂತವು. ಎಲ್ಲರಿಗೂ ಸಮಾಧಾನ. ಆದರೆ ಹುಡುಗ ಮಾತ್ರ ಏಳಲಿಲ್ಲ. ಹತ್ತು ಗಂಟೆಗೆ ಎದ್ದು, ಮೊಬೈಲ್ ಹಿಡಿದು, ಸ್ನಾನಕ್ಕೂ ಮೂರು ಸಲ ಹೇಳಿಸಿಕೊಳ್ಳುತ್ತಿದ್ದ. "ಕಾಯಿಲೆ ಹೋತು ಮೇಡಂ, ಮೈಗಳ್ಳತನ ಉಳೀತು" ಎಂದರು ಅಪ್ಪ. ನಾನು ಅವನಿಗೊಂದು ವೇಳಾಪಟ್ಟಿ ಬರೆದುಕೊಟ್ಟೆ: ಆರಕ್ಕೆ ಏಳುವುದು, ನಡಿಗೆ, ಒಂದು ತಾಸು ಓದು, ಮನೆಗೆಲಸ. ಮುಂದಿನ ವಾರ ಅದರಲ್ಲಿ ಒಂದೂ ಆಗಿರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮನಸ್ಸು ಮಾಡಬೇಕಪ್ಪ ಎಂದು ಬುದ್ಧಿ ಹೇಳಿದೆ. ಫೈಲಿನಲ್ಲಿ "ಆಸಕ್ತಿ ಕಡಿಮೆ, ಸಹಕಾರ ಕಡಿಮೆ" ಎಂದು ಬರೆದೆ. ಆ ಎರಡು ಮಾತು ಈಗಲೂ ನನ್ನ ಕೈಬರಹದಲ್ಲೇ ಆ ಹಾಳೆಯ ಮೇಲಿವೆ.

ಒಂದು ದಿನ ಓಪಿಡಿಯಲ್ಲಿ ಜನ ತುಂಬಿದ್ದರು. ಅವಸರದಲ್ಲಿ ಅವನಿಗೆ ಹೇಳಿದೆ: "ಏಳನೇ ರೂಮಿನಲ್ಲಿ ಸಹಿ ಹಾಕಿಸ್ಕೊಂಡು, ಔಷಧಿ ತಗೊಂಡು, ಚೀಟಿ ಜೆರಾಕ್ಸ್ ಮಾಡಿಸಿ, ವಾಪಸ್ ಬಂದು ನನಗೆ ತೋರಿಸು." ಒಂದು ತಾಸಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಗೇಟಿನ ಹತ್ತಿರ ಬೆವರು ಸುರಿಸುತ್ತ ನಿಂತಿದ್ದ, ಕೈಯಲ್ಲಿ ಚೀಟಿ ಮುದುಡಿ ಹೋಗಿತ್ತು. ಯಾಕಪ್ಪ ಅಂದೆ. "ನೀವು ಎರಡನೇದು ಹೇಳೋವಾಗ ಮೊದಲನೇದು ಹೊರಟೋಯ್ತು ಮೇಡಂ. ಕೇಳೋಕೆ ನಾಚಿಕೆ ಆಯ್ತು."

ಸೈಕೋಸಿಸ್, ಅಂದರೆ ಇಲ್ಲದ ಧ್ವನಿ ಕೇಳಿಸುವ, ಇಲ್ಲದ ಸಂಶಯ ಕಾಡುವ ಇವನಂಥ ಕಾಯಿಲೆ ಬಂದವರಲ್ಲಿ ಗಮನ, ಕೆಲಸದ ನಡುವೆ ವಿಷಯ ಹಿಡಿದಿಟ್ಟುಕೊಳ್ಳುವ ನೆನಪು, ಯೋಚನೆಯ ವೇಗ, ಒಂದಾದ ಮೇಲೊಂದು ಮಾಡಬೇಕಾದ್ದನ್ನು ಜೋಡಿಸಿಕೊಳ್ಳುವ ಶಕ್ತಿ ಕುಗ್ಗುವುದು ಸಾಮಾನ್ಯ. ಎಷ್ಟೋ ಮಕ್ಕಳಲ್ಲಿ ಧ್ವನಿ ಕೇಳಿಸುವುದಕ್ಕೂ ಮೊದಲೇ ಇದು ಶುರುವಾಗಿರುತ್ತದೆ. ಚೆನ್ನಾಗಿ ಓದುತ್ತಿದ್ದವನು ಪಿಯುಸಿಯಲ್ಲಿ ಇದ್ದಕ್ಕಿದ್ದಂತೆ ಹಿಂದೆ ಬಿದ್ದ ಎನ್ನುವ ಮಾತಿನ ಹಿಂದೆ ಒಮ್ಮೊಮ್ಮೆ ಇದೇ ಇರುತ್ತದೆ. ಮಾತ್ರೆಗಳು ಭ್ರಮೆ, ಸಂಶಯಗಳನ್ನು ತಗ್ಗಿಸುವಷ್ಟು ಇದನ್ನು ಸರಿಪಡಿಸುವುದಿಲ್ಲ. ಇದೆಲ್ಲ ನಾನು ಪರೀಕ್ಷೆಗೆ ಓದಿ ಬರೆದದ್ದೇ. ಎದುರಿಗೆ ಕೂತ ಹುಡುಗನಲ್ಲಿ ಮಾತ್ರ ಕಾಣಲಿಲ್ಲ.

ನಮ್ಮ ಮನಶ್ಶಾಸ್ತ್ರಜ್ಞೆ ಪರೀಕ್ಷಿಸಿದರು. ಅಂಕಿಗಳನ್ನು ಹೇಳಿದ ಕ್ರಮದಲ್ಲೇ ಐದರವರೆಗೆ ಒಪ್ಪಿಸಿದ. ಕೊನೆಯಿಂದ ಮೊದಲಿಗೆ ಹೇಳು ಎಂದರೆ ಎರಡರ ಮೇಲೆ ಹೋಗಲಿಲ್ಲ. ವೈದ್ಯರು ಅವನ ಮಾತ್ರೆಗಳನ್ನು ಮತ್ತೊಮ್ಮೆ ನೋಡಿದರು. ಕೈನಡುಕ, ಬಿಗಿತ ಬರದಿರಲೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಪಟ್ಟಿಯಲ್ಲಿತ್ತು. ಅದು ನೆನಪನ್ನು ಮಬ್ಬಾಗಿಸುತ್ತದೆ. ನಡುಕ ಇಲ್ಲದ್ದರಿಂದ ನಿಧಾನವಾಗಿ ಇಳಿಸುತ್ತ ಬಂದು ನಿಲ್ಲಿಸಿದರು. ಇದನ್ನು ಓದಿದ ಯಾರೂ ದಯವಿಟ್ಟು ತಾವಾಗಿ ಯಾವ ಮಾತ್ರೆಯನ್ನೂ ಬಿಡಬೇಡಿ. ವೈದ್ಯರನ್ನು ಕೇಳಿ, ಆದರೆ ಕೇಳದೆ ಇರಬೇಡಿ.

ಅಪ್ಪನಿಗೆ ಹೇಗೆ ಹೇಳುವುದು? ಮನೆಗೆ ಹೋದೆ. ಮೊಬೈಲಿನಲ್ಲಿ ಸುದ್ದಿ ಜೋರಾಗಿ ಹಾಕಿ, ನಾಳೆ ಯಾವ ಹೊಲಕ್ಕೆ ನೀರು ಬಿಡಬೇಕು ಅಂತ ಅವರನ್ನು ಕೇಳುತ್ತ ಇರಿ ಎಂದು ಅಮ್ಮನಿಗೆ ಹೇಳಿ, ಆ ಗದ್ದಲದಲ್ಲೇ ಅಪ್ಪನಿಗೆ ನಾಲ್ಕು ಕೆಲಸ ಒಪ್ಪಿಸಿದೆ. ಎರಡು ನೆನಪಿತ್ತು, ಎರಡು ಹೋಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಇವನಿಗೆ ದಿನಾ ಹಿಂಗೇ ಇರ್ತತಾ?" ಅವತ್ತಿನಿಂದ ಅವರು ಒಂದು ಸಲಕ್ಕೆ ಒಂದೇ ಮಾತು ಹೇಳತೊಡಗಿದರು. ಮನೆಯ ಬೈಗುಳ, ಕೊಂಕು ಕಡಿಮೆಯಾದಷ್ಟೂ ಕಾಯಿಲೆ ಮರುಕಳಿಸುವುದು ಕಡಿಮೆ ಎಂಬುದು ಹಲವು ದಶಕಗಳ ಅಧ್ಯಯನಗಳಿಂದ ಗೊತ್ತಾಗಿರುವ ಸಂಗತಿ. ಆ ಅಪ್ಪನಿಗೆ ಅಧ್ಯಯನದ ಮಾತು ಬೇಕಾಗಲಿಲ್ಲ.

ಆಮೇಲೆ ಅವನನ್ನೇ ಕೇಳಿದೆ, ನಿನಗೇನು ಬೇಕು ಅಂತ. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ. ಸೋದರಮಾವನ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಬೇಕು ಅಂದ. ನಮ್ಮ ಕಡೆ ಬೋರ್‌ವೆಲ್ ಪಂಪುಗಳು ಬೇಸಿಗೆಯಲ್ಲಿ ಸುಟ್ಟುಕೊಂಡು ಬರುತ್ತಲೇ ಇರುತ್ತವೆ, ಆ ಕೆಲಸಕ್ಕೆ ಬರವಿಲ್ಲ.

ಹೀಗೆ ಕುಗ್ಗಿದ ಗಮನ, ನೆನಪುಗಳನ್ನು ಪಳಗಿಸುವ ಬುದ್ಧಿಶಕ್ತಿಯ ತರಬೇತಿ ಎಂದರೆ ಕಂಪ್ಯೂಟರಿನ ಮುಂದೆ ಕೂರಿಸಿ ಆಟ ಆಡಿಸುವುದು ಎಂದುಕೊಂಡವರಿದ್ದಾರೆ. ಲಂಡನ್ನಿನ ಮನಶ್ಶಾಸ್ತ್ರಜ್ಞೆ ಟಿಲ್ ವೈಕ್ಸ್ ಮತ್ತು ಸಂಗಡಿಗರು 2011ರಲ್ಲಿ 40 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಉದ್ಯೋಗ ಅಥವಾ ಬದುಕಿನ ಬೇರೆ ಪುನರ್ವಸತಿಯ ಜೊತೆ ಸೇರಿಸಿ ಕೊಟ್ಟ ತರಬೇತಿಯೇ ದಿನನಿತ್ಯದ ಬದುಕಿನಲ್ಲಿ ಹೆಚ್ಚು ಬದಲಾವಣೆ ತಂದಿತ್ತು. ನಮ್ಮಲ್ಲಿ ಕಂಪ್ಯೂಟರೂ ಇರಲಿಲ್ಲ. ಅಂಗಡಿಯನ್ನೇ ತರಬೇತಿಯ ಜಾಗ ಮಾಡಿಕೊಂಡೆವು.

ಮಳೆಗಾಲದಲ್ಲಿ, ಗಿರಾಕಿ ಕಡಿಮೆ ಇರುವಾಗ, ದಿನಕ್ಕೆ ಎರಡು ತಾಸಿನಿಂದ ಶುರು. ಕಾಯಿಲ್ ಸುತ್ತುವಾಗ ಎಣಿಕೆ ತಪ್ಪುತ್ತಿತ್ತು. ಸುತ್ತು ತಪ್ಪಿದರೆ ಮೋಟಾರ್ ಬಿಸಿಯಾಗಿ ಮತ್ತೆ ಸುಡುತ್ತದೆ. ಎಣಿಸೋದು ಕಲಿ ಎಂದು ಗದರದೆ, ಹತ್ತು ಸುತ್ತಾದ ಕೂಡಲೇ ಗೋಡೆ ಮೇಲೆ ಬಳಪದಲ್ಲಿ ಒಂದು ಗೀಟು ಹಾಕು, ಹತ್ತನ್ನು ಬಾಯಿಬಿಟ್ಟು ಹೇಳು ಎಂದೆವು. ಮೊದಲು ಮಾವ ಹೇಳುತ್ತಿದ್ದರು, ಆಮೇಲೆ ಇಬ್ಬರೂ, ಆಮೇಲೆ ಅವನೊಬ್ಬನೇ, ಕಡೆಗೆ ತುಟಿಯೊಳಗೆ. ಯಾರಾದರೂ ಕರೆದರೆ ಗೀಟು ಹಾಕುವ ತನಕ ತಿರುಗಬಾರದು ಎಂಬುದೊಂದೇ ನಿಯಮ. ತಪ್ಪು ಮಾಡಿ ಕಲಿಯಲಿ ಎನ್ನುವ ಮಾತು ಇಂಥವರಿಗೆ ನಡೆಯುವುದಿಲ್ಲ, ತಪ್ಪೇ ನೆನಪಿನಲ್ಲಿ ಕೂತುಬಿಡುತ್ತದೆ. ಆದ್ದರಿಂದ ತಪ್ಪಲು ಆಸ್ಪದವಿಲ್ಲದಷ್ಟು ಚಿಕ್ಕ ಹೆಜ್ಜೆಗಳು.

ಇನ್ನೊಂದು ತೊಡಕು ಚಹಾದ ಹೊತ್ತಿನದು. ಹುಡುಗರು ನಕ್ಕರೆ ತನ್ನನ್ನೇ ನೋಡಿ ನಕ್ಕರು ಎಂದು ಎದ್ದು ಹೋಗುತ್ತಿದ್ದ. ನಕ್ಕಿದ್ದಕ್ಕೆ ಬೇರೆ ಮೂರು ಕಾರಣ ಹುಡುಕಿ ಬರೆದುಕೊಂಡು ಬಾ ಎಂದೆ. ಮೊದಲ ವಾರ ಒಂದೇ ಕಾರಣ ತಂದ, "ಕ್ರಿಕೆಟ್" ಅಂತ. ಅದು ಸಾಕಿತ್ತು.

ಮರುವರ್ಷ ಏಪ್ರಿಲ್‌ನಲ್ಲಿ ಕೆಲಸ ಜಾಸ್ತಿಯಾಗಿ, ನಿದ್ದೆ ಬರುತ್ತದೆಂದು ಮಾತ್ರೆ ಬಿಟ್ಟ. ಎರಡು ರಾತ್ರಿ ನಿದ್ದೆಯಿಲ್ಲ, ಮೂರನೇ ದಿನ ಕಿಟಕಿ ಮುಚ್ಚಿದ. ಈ ಎರಡೂ ಗುರುತುಗಳನ್ನು ಅವನೇ ತನ್ನ ಕೈಯಾರೆ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ್ದ. ಅಕ್ಕ ಅದನ್ನು ನೋಡಿ ಅವತ್ತೇ ಫೋನ್ ಮಾಡಿದಳು. ವೈದ್ಯರು ಮಾತ್ರೆಯನ್ನೆಲ್ಲ ರಾತ್ರಿ ಹೊತ್ತಿಗೆ ಹಾಕಿದರು, ಮಾವ ಅವನಿಗೆ ರಾತ್ರಿ ಕೆಲಸ ತಪ್ಪಿಸಿದರು. ಹತ್ತು ದಿನದಲ್ಲಿ ಅಂಗಡಿಗೆ ಮರಳಿದ. ಮೊದಲ ಸಲ ಕಳೆದದ್ದು ಎಂಟು ತಿಂಗಳು.

ಮೊದಲ ಸಲ ಸೈಕೋಸಿಸ್ ಬಂದವರ ಮೇಲೆ ಅಮೆರಿಕದ 34 ಚಿಕಿತ್ಸಾ ಕೇಂದ್ರಗಳಲ್ಲಿ ನಡೆದ ರೇಸ್ (RAISE) ಅಧ್ಯಯನದ ಫಲಿತಾಂಶ 2015ರಲ್ಲಿ ಹೊರಬಂತು. ಔಷಧ, ಕುಟುಂಬದ ತಿಳಿವಳಿಕೆ, ಒಬ್ಬೊಬ್ಬರಿಗೂ ಆಪ್ತಸಮಾಲೋಚನೆ, ಓದು ಅಥವಾ ಉದ್ಯೋಗಕ್ಕೆ ಬೆಂಬಲ, ಈ ನಾಲ್ಕನ್ನೂ ಒಂದೇ ತಂಡ ಕೊಟ್ಟಾಗ ಮಾಮೂಲು ಚಿಕಿತ್ಸೆಗಿಂತ ಹೆಚ್ಚು ಗುಣ ಕಂಡಿತು. ಬೇಗ ಬಂದವರಿಗೆ ಇನ್ನೂ ಹೆಚ್ಚು. ನಮ್ಮ ಓಪಿಡಿಯಲ್ಲಿ ಅಂಥ ತಂಡ ಇಲ್ಲ, ಒಬ್ಬರಿಗೆ ಐದು ನಿಮಿಷ ಸಿಕ್ಕರೆ ಹೆಚ್ಚು. ಇದು ನನಗೆ ಸಿಟ್ಟು ತರಿಸುವ ಸಂಗತಿ. ಆದರೂ ಒಬ್ಬ ಮಾವ, ಒಬ್ಬ ಅಕ್ಕ, ಒಂದು ಬಳಪದ ತುಂಡು ಇಷ್ಟು ಮಾಡಿದ್ದನ್ನು ಕಂಡಿದ್ದೇನೆ. ಹತ್ತಿರ ಆಸ್ಪತ್ರೆ ಇಲ್ಲದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಶುರುವಾದ ಉಚಿತ ಸೇವೆ, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ನನ್ನ ಮೇಜಿನ ಮೇಲೆ ಚಿಕ್ಕ ಚೀಟಿಗಳ ಕಟ್ಟೊಂದು ಇರುತ್ತದೆ. ಒಂದು ಚೀಟಿಗೆ ಒಂದೇ ಕೆಲಸ, ದೊಡ್ಡ ಅಕ್ಷರದಲ್ಲಿ. ಬರೆದುಕೊಟ್ಟ ಮೇಲೆ ಅವರ ಬಾಯಿಂದಲೇ ಒಮ್ಮೆ ಹೇಳಿಸುತ್ತೇನೆ. ಸಹಕಾರ ಕಡಿಮೆ ಎಂದು ಬರೆಯುವ ಮುನ್ನ, ನಾನು ಎಷ್ಟು ಮಾತನ್ನು ಒಟ್ಟಿಗೆ ಹೇಳಿದೆ ಎಂದು ಲೆಕ್ಕ ಹಾಕುತ್ತೇನೆ.

ಬರುವ ಮಂಗಳವಾರ ಅವನ ಸರದಿ. ಹೊಲಗಳಿಗೆ ಹೋಗಿ ಪಂಪು ನೋಡಬೇಕು, ಬೈಕ್ ಲೈಸೆನ್ಸ್ ಮಾಡಿಸಬಹುದಾ ಅಂತ ವೈದ್ಯರನ್ನು ಕೇಳಬೇಕಂತೆ. ಮರೆಯದ ಹಾಗೆ ಅಂಗೈ ಮೇಲೆ ಬರೆದುಕೊಂಡು ಬರ್ತೀನಿ ಅಂದಿದ್ದಾನೆ.