ಗೇಟಿನ ಹೊರಗಿನ ಮೇಜು: ಆ 9 ಪಾಯಿಂಟ್ ಎಲ್ಲಿಂದ ಬಂತು?

ಸಿಕ್ಕಿತು! ನಮ್ಮ ಚರ್ಚಿನ ಬಿಪಿ ತಪಾಸಣೆಯಲ್ಲಿ ಹೊರಗಿನ ಮೇಜಿನಲ್ಲಿ ಮಾತ್ರ ಜಾಸ್ತಿ ಬಂದು, ಮೂರು ತಿಂಗಳಿಂದ ತಂಡದ ನಿದ್ದೆ ಕೆಡಿಸಿದ್ದ 9 ಪಾಯಿಂಟ್ ಎಲ್ಲಿಂದ ಬರುತ್ತಿತ್ತು ಅನ್ನುವುದು ಕಳೆದ ಭಾನುವಾರ ಸಂಜೆ ಸಿಕ್ಕಿತು. ಕೈಯಲ್ಲಿದ್ದದ್ದು ಬಟ್ಟೆ ಅಳೆಯುವ ಟೇಪ್. ಅದೊಂದೇ ಸಾಕಾಯಿತು.

ಚರ್ಚಿನಲ್ಲಿ ಆರೋಗ್ಯ ಸೇವೆ ನಡೆಸುವವರಿಗೆ ಆರಂಭದ ಕೆಲಸಗಳನ್ನು ಹೇಳಬೇಕಾಗಿಲ್ಲ. ಪಾಸ್ಟರ್ ಹತ್ತಿರ ಮಾತಾಡುವುದು, ಪ್ರಕಟಣೆ, ಸ್ವಯಂಸೇವಕರ ಸರದಿ, ತುರ್ತು ಇದ್ದರೆ ಯಾರಿಗೆ ಫೋನ್ ಮಾಡಬೇಕು ಅನ್ನುವ ಚೀಟಿ. ಅದೆಲ್ಲ ನಿಮ್ಮಲ್ಲಿ ಹೇಗೋ ನಮ್ಮಲ್ಲೂ ಹಾಗೇ. ನಮ್ಮಲ್ಲಿ ತಿಂಗಳಿಗೊಂದು ಭಾನುವಾರ, ಆರಾಧನೆ ಮುಗಿದ ಮೇಲೆ ಬಿಪಿ ನೋಡಲು ಎರಡು ಮೇಜು ಹಾಕುತ್ತೇವೆ. ಒಂದು ಹಾಲ್ ಒಳಗೆ, ಸಭೆಯವರಿಗೆ. ಇನ್ನೊಂದು ಗೇಟಿನ ಹೊರಗೆ, ರಸ್ತೆಯಲ್ಲಿ ಹೋಗುವ ಯಾರಿಗಾದರೂ. ಯಾವ ಧರ್ಮ, ಯಾವ ಮನೆ ಅಂತ ಕೇಳುವುದಿಲ್ಲ. ಹೊರಗಿನ ಮೇಜಿನ ಮೇಲೆ ಕರಪತ್ರವನ್ನೂ ಇಡುವುದಿಲ್ಲ. ತೋಳು ಚಾಚಿ ಕೂತವರಿಗೆ ಎದ್ದು ಹೋಗಲು ಆಗುವುದಿಲ್ಲ, ಅಂಥ ಹೊತ್ತಿನಲ್ಲಿ ಅವರ ಕೈಗೆ ಏನನ್ನೂ ತುರುಕಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆವು.

ತೊಂದರೆ ಶುರುವಾದದ್ದು ನಾಲ್ಕನೇ ತಿಂಗಳಲ್ಲಿ. ಹೊರಗಿನ ಮೇಜಿನ ಅಂಕಿಗಳು ಒಳಗಿನದಕ್ಕಿಂತ ಜಾಸ್ತಿ ಬರುತ್ತಿದ್ದವು. ಒಬ್ಬಿಬ್ಬರದಲ್ಲ, ಸಾಲಾಗಿ ಎಲ್ಲರದೂ. ತಂಡದ ಸಭೆಯಲ್ಲಿ ಒಬ್ಬರು, 'ಪಾಪ, ಹೊರಗಿನವರ ಬದುಕು ಕಷ್ಟ, ಅದಕ್ಕೇ ಬಿಪಿ' ಅಂದರು. ಎಲ್ಲರೂ ತಲೆ ಆಡಿಸಿದೆವು. ನಾನೂ ಆಡಿಸಿದೆ. ಅವರಿಗಾಗಿ ಪ್ರಾರ್ಥನೆಯೂ ಆಯಿತು. ಪ್ರಾರ್ಥನೆ ಒಳ್ಳೆಯದೇ, ಆದರೆ ಅಳತೆ ಸರಿ ಇದೆಯಾ ಅಂತ ಆವತ್ತೇ ನೋಡಬೇಕಿತ್ತು.

ನಮ್ಮನ್ನು ಎಚ್ಚರಿಸಿದವರು ನೆರೆಯ ಒಬ್ಬ ಹಿರಿಯರು. ಅವರ ಬಿಪಿಯ ಎರಡು ಅಂಕಿಗಳಲ್ಲಿ ಮೇಲಿನದು, ಅಂದರೆ ದೊಡ್ಡದು, 150ರ ಹತ್ತಿರ ಬಂದಿತ್ತು. ಡಾಕ್ಟರಿಗೆ ತೋರಿಸಿ ಅಂತ ಕಾರ್ಡ್ ಕೊಟ್ಟು ಕಳಿಸಿದ್ದೆವು. ಅರ್ಧ ದಿನದ ಕೆಲಸ ಬಿಟ್ಟು ಹೋಗಿದ್ದಾರೆ. ಅಲ್ಲಿ ಅಂಕಿ ಚೆನ್ನಾಗೇ ಇತ್ತು. ಮುಂದಿನ ತಿಂಗಳು ನಮ್ಮಲ್ಲಿ ಮತ್ತೆ ಏರಿತು. ಅವರು ನಗುತ್ತಾ, 'ಅಕ್ಕಾ, ನನಗೆ ನಿಮ್ಮ ಮೇಜಿನಲ್ಲಿ ಮಾತ್ರ ಬಿಪಿ' ಅಂದರು. ಉತ್ತರ ಆ ಮಾತಿನಲ್ಲೇ ಇತ್ತು. ನಮಗೆ ಹೊಳೆಯಲು ಇನ್ನೂ ಎರಡು ತಿಂಗಳು ಬೇಕಾಯಿತು.

ಮೊದಲ ಅನುಮಾನ ಯಂತ್ರದ ಮೇಲೆ ಹೋಯಿತು. ಈ ಡಿಜಿಟಲ್ ಯಂತ್ರಗಳು ನರ್ಸ್ ಹಾಗೆ ಶಬ್ದ ಕೇಳಿ ಅಳೆಯುವುದಿಲ್ಲ. ಗಾಳಿ ಇಳಿಯುವಾಗ ರಕ್ತನಾಳದ ಮಿಡಿತ ತೋಳಿಗೆ ಕಟ್ಟಿದ ಪಟ್ಟಿಯನ್ನು ಎಷ್ಟು ಅಲುಗಾಡಿಸುತ್ತದೆ ಅಂತ ನೋಡಿ, ಅದರಿಂದ ಲೆಕ್ಕ ಕಟ್ಟುತ್ತವೆ. ಆ ಲೆಕ್ಕದ ಸೂತ್ರ ಪ್ರತಿ ಕಂಪನಿಗೂ ಬೇರೆ. ಹಾಗಾಗಿ ಎರಡು ಯಂತ್ರಗಳ ನಡುವೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಇಟ್ಟೆವು. ಆಗಲೂ ಹೊರಗೇ ಜಾಸ್ತಿ. ಯಂತ್ರ ನಿರಪರಾಧಿ.

ಆಮೇಲೆ ಪಟ್ಟಿ. ಇಂಗ್ಲಿಷಿನಲ್ಲಿ ಕಫ್ ಅನ್ನುವುದನ್ನು ನಾವು ತೋಳುಪಟ್ಟಿ ಅಂತಲೇ ಅನ್ನುತ್ತೇವೆ. ಕಾರಣ ಇದೆ. ಮೊದಲ ತಿಂಗಳು ನಮ್ಮ ಹುಡುಗನೊಬ್ಬ ಒಬ್ಬ ಅಜ್ಜಿಗೆ, 'ಅಜ್ಜಿ, ಕಫ್ ಚೇಂಜ್ ಮಾಡ್ತೀನಿ' ಅಂದಿದ್ದ. ಅಜ್ಜಿ, 'ನನಗೆ ಕಫ ಇಲ್ಲ ಮಗಾ, ಬರೀ ಕೆಮ್ಮು' ಅಂದರು. ಆವತ್ತಿನಿಂದ ನಮ್ಮಲ್ಲಿ ಕಫ್ ಇಲ್ಲ, ಪಟ್ಟಿ ಮಾತ್ರ.

ಪಟ್ಟಿಯ ಅಳತೆ ಹಗುರವಾಗಿ ತೆಗೆದುಕೊಳ್ಳುವ ವಿಷಯ ಅಲ್ಲ. 2023ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 195 ವಯಸ್ಕರನ್ನು ಪರೀಕ್ಷಿಸಿದ್ದರು. ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸರಾಸರಿ 4.8 ಜಾಸ್ತಿ ಬಂತು. ಅದಕ್ಕಿಂತಲೂ ದೊಡ್ಡದು ಬೇಕಾದವರಿಗೆ 19.5 ಜಾಸ್ತಿ! ಅಂದರೆ ಆರೋಗ್ಯವಾಗಿರುವವರನ್ನು ನಾವೇ ರೋಗಿ ಮಾಡಿ ಕಳಿಸಬಹುದು. ನಮ್ಮ ಎರಡೂ ಮೇಜಿನಲ್ಲಿ ಯಂತ್ರದ ಜೊತೆ ಬಂದ ಮಾಮೂಲಿ ಪಟ್ಟಿಯೇ ಇತ್ತು.

ದೊಡ್ಡ ಪಟ್ಟಿ ತರಿಸಲು ಹೊರಟೆವು. ಆ ಕಥೆ ಕೇಳಿ. ಮಾರುವವರು, 'ಒಂದೇ ಸೈಜ್, ಎಲ್ಲರಿಗೂ ಆಗುತ್ತೆ' ಅಂದರು. ಆಗುವುದಿಲ್ಲ ಅಂತ ಪಟ್ಟಿಯ ಮೇಲೇ ಅಚ್ಚಾಗಿದೆ, ತೋಳಿನ ಸುತ್ತಳತೆ ಇಷ್ಟರಿಂದ ಇಷ್ಟು ಅಂತ. ಅದರ ಫೋಟೊ ಕಳಿಸಿದೆ. ಮೂರು ವಾರ ಬಿಟ್ಟು ದೊಡ್ಡ ಪಟ್ಟಿ ಬಂತು, ಆದರೆ ಗಾಳಿ ಕೊಳವೆಯ ತುದಿ ನಮ್ಮ ಯಂತ್ರಕ್ಕೆ ಕೂರಲಿಲ್ಲ. ವಾಪಸ್ ಕಳಿಸಿದೆವು. ಎರಡನೇ ಸಲ ತುದಿ ಸರಿಯಾಗಿ ಕೂತಿತು, ಆದರೆ ಪಟ್ಟಿ ಮಕ್ಕಳದ್ದು. ಮೂರನೇ ಸಲಕ್ಕೆ ಒಂದು ದೊಡ್ಡ ಪಟ್ಟಿ ಸರಿಯಾಗಿ ಸಿಕ್ಕಿತು. ಕೇಳಿದ್ದು ಎರಡು. ಇಂಥ ಸಾಮಾನು ಮಾರುವವರು ಒಮ್ಮೆ ಬಂದು ನಮ್ಮ ಮೇಜಿನ ಹಿಂದೆ ಕೂರಬೇಕು. ಬಿಗಿಯಾದ ಪಟ್ಟಿ ಕಟ್ಟಿಸಿಕೊಂಡು ಮುಖ ಕಿವುಚುವವರನ್ನು ನೋಡಿದರೆ, ಎಲ್ಲರಿಗೂ ಆಗುತ್ತೆ ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ದೊಡ್ಡ ಪಟ್ಟಿ ಬಂದ ಮೇಲೆ ಕೆಲವರ ಅಂಕಿ ಇಳಿಯಿತು ನಿಜ. ಆದರೂ ಒಳಗಿಗೂ ಹೊರಗಿಗೂ ಅಂತರ ಉಳಿದೇ ಇತ್ತು.

ಮೂರನೆಯದು ಗದ್ದಲ. ಗೇಟಿನ ಹತ್ತಿರ ಜನ ಮಾತಾಡುತ್ತಲೇ ಇರುತ್ತಾರೆ, ನಿಂತಿದ್ದವರು ಬಂದು ತಟ್ಟನೆ ಕೂರುತ್ತಾರೆ. ಅಳೆಯುವ ಮುಂಚೆ 5 ನಿಮಿಷ ಸುಮ್ನೆ ಕೂರಬೇಕು, ಬೆನ್ನಿಗೆ ಆಸರೆ ಬೇಕು, ಕಾಲ ಮೇಲೆ ಕಾಲು ಹಾಕಬಾರದು, ಮೂತ್ರ ಕಟ್ಟಿಕೊಂಡು ಕೂರಬಾರದು, ಅಳೆಯುವಾಗ ಮಾತು ಬೇಡ. ನಮಗೆಲ್ಲ ಬಾಯಿಪಾಠ. ಆದರೆ ಮಾತಾಡಬೇಡಿ ಅಂತ ಹೇಳಿದರೆ ಕಿವಿ ಮಂದವಾದ ಹಿರಿಯರು, 'ಏನಂದ್ರಿ?' ಅಂತ ಕೇಳುತ್ತಾರೆ. ನಾವು ಮತ್ತೆ ಜೋರಾಗಿ ಹೇಳುತ್ತೇವೆ, ಅವರು ಮತ್ತೆ ಕೇಳುತ್ತಾರೆ. ಅಷ್ಟರಲ್ಲಿ ಯಂತ್ರ ಅಳೆದು ಮುಗಿಸಿರುತ್ತದೆ. ಈಗ ಒಂದು ಹಲಗೆಯ ಮೇಲೆ ತುಟಿಯ ಮೇಲೆ ಬೆರಳಿಟ್ಟ ಚಿತ್ರ ಬರೆದು ತೋರಿಸುತ್ತೇವೆ.

ಇದೇ ನನ್ನನ್ನು ಮುಂದಿನ ಕೆಲಸಕ್ಕೆ ಎಳೆದದ್ದು. ನಮ್ಮ ಹಾಲ್‌ಗೆ ಹಿಯರಿಂಗ್ ಲೂಪ್ ಹಾಕಬೇಕು. ಹಾಲ್ ಸುತ್ತ ಒಂದು ತಂತಿ ಎಳೆದು, ಮೈಕಿನ ಧ್ವನಿಯನ್ನು ಅದರೊಳಗೆ ಕರೆಂಟಾಗಿ ಹರಿಸುವುದು. ತಂತಿಯ ಸುತ್ತ ಹುಟ್ಟುವ ಕಾಂತಕ್ಷೇತ್ರವನ್ನು ಕಿವಿಯ ಯಂತ್ರದೊಳಗಿನ ಟಿ-ಕಾಯಿಲ್ ಅನ್ನುವ ಪುಟ್ಟ ತಂತಿಸುರುಳಿ ಹಿಡಿದು ಮತ್ತೆ ಧ್ವನಿ ಮಾಡುತ್ತದೆ. ಫ್ಯಾನಿನ ಸದ್ದು, ಹಾಲ್‌ನ ಗುಂಯ್ ಅನ್ನುವ ಮಾರ್ದನಿ ಯಾವುದೂ ಇಲ್ಲದೆ ಪಾಸ್ಟರ್ ಮಾಡುವ ಪ್ರಸಂಗ ನೇರವಾಗಿ ಕಿವಿಗೆ ಬರುತ್ತದೆ. ಇದಕ್ಕೆ ಐಇಸಿ 60118-4 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಗಟ್ಟಿ ಮಾತಿನ ಹೊತ್ತಿಗೆ ಕ್ಷೇತ್ರದ ಬಲ ಮೀಟರಿಗೆ 400 ಮಿಲಿಆಂಪಿಯರ್ ಮುಟ್ಟಬೇಕು. ಹಳೆಯ ವೈರಿಂಗ್ ಗೊರಗುಟ್ಟುತ್ತಿದ್ದರೆ ಅದೂ ಕಿವಿಗೆ ಬೀಳುತ್ತದೆ, ಅದನ್ನು ಮೊದಲು ಅಳೆಯಬೇಕು. ಎಷ್ಟೋ ವರ್ಷದಿಂದ ಕೇಳಿಸದೆ ಸುಮ್ನೆ ತಲೆ ಆಡಿಸುತ್ತಾ ಮುಂದಿನ ಸಾಲಿನಲ್ಲಿ ಕೂರುವ ಹಿರಿಯರು ನಮ್ಮಲ್ಲಿದ್ದಾರೆ. ಅವರಿಗೆ ಒಂದು ಸಲ ಪೂರ್ತಿ ಆರಾಧನೆ ಕೇಳಿಸಬೇಕು ಅನ್ನುವುದು ನನ್ನ ಆಸೆ. ತಂತಿ ಮೇಲೆ ಕಾಲಿಟ್ಟು ಯಾರೂ ಎಡವದ ಹಾಗೆ ಹಾಕಿದವರು ಇದ್ದರೆ ಹೇಗೆ ಮಾಡಿದಿರಿ ಅಂತ ದಯವಿಟ್ಟು ಬರೆಯಿರಿ.

ಮೇಜಿಗೆ ವಾಪಸ್ ಬರೋಣ.

ಕೊನೆಗೆ ಊಹೆ ಬಿಟ್ಟು ಸರಿಯಾದ ಪರೀಕ್ಷೆಯನ್ನೇ ಮಾಡಿದೆವು. ಸಭೆಯ 12 ಜನ ಒಪ್ಪಿದರು. ಒಂದೇ ಯಂತ್ರ, ಅವರವರ ತೋಳಿಗೆ ಸರಿಯಾದ ಪಟ್ಟಿ, ಅಳೆಯುವವರೂ ಒಬ್ಬರೇ, ನಮ್ಮ ತಂಡದ ನರ್ಸ್ ಅಕ್ಕ. ಪ್ರತಿಯೊಬ್ಬರಿಗೂ ಎರಡೂ ಮೇಜಿನಲ್ಲಿ, ಒಂದು ನಿಮಿಷದ ಅಂತರದಲ್ಲಿ ಎರಡೆರಡು ಸಲ. ಆರು ಜನ ಒಳಗಿನಿಂದ ಶುರು ಮಾಡಿದರು, ಆರು ಜನ ಹೊರಗಿನಿಂದ. ಗೇಟಿನ ಹತ್ತಿರ ಬೇರೆ ಯಾರೂ ಇಲ್ಲ, ಮಾತಿಲ್ಲ, ಎಲ್ಲರಿಗೂ 5 ನಿಮಿಷದ ವಿರಾಮ. ಆದರೂ ಅವೇ 12 ತೋಳುಗಳು ಹೊರಗಿನ ಮೇಜಿನಲ್ಲಿ ಸರಾಸರಿ 9 ಪಾಯಿಂಟ್ ಜಾಸ್ತಿ ತೋರಿಸಿದವು. ನಮ್ಮ ಸಭೆಯವರೇ, ಅದೇ ಸಂಜೆ! ಹೊರಗಿನವರ ಬದುಕಿನ ಕಷ್ಟ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ನರ್ಸ್ ಅಕ್ಕ ಆಗ ಅಳೆಯುವುದನ್ನು ನಿಲ್ಲಿಸಿ ಸುಮ್ನೆ ನಿಂತು ನೋಡಿದರು. 'ಇಲ್ಲಿ ಎಲ್ಲರೂ ಯಾಕೆ ಹೀಗೆ ಬಾಗಿ ಕೂರ್ತಾರೆ?' ಅಂದರು. ನಾನು ಟೇಪ್ ತಂದೆ. ಹೊರಗಿನ ಮೇಜು ಒಳಗಿನದಕ್ಕಿಂತ 18 ಸೆಂಟಿಮೀಟರ್ ಗಿಡ್ಡ. ಸಂಡೇ ಸ್ಕೂಲ್ ಮಕ್ಕಳ ಮೇಜು ಅದು. ಹಾಲ್‌ನ ಒಳ್ಳೆಯ ಮೇಜು ಒಳಗೆ ಬೇಕಿತ್ತು, ಉಳಿದದ್ದು ಹೊರಗೆ ಹೋಗಿತ್ತು. ಕುರ್ಚಿ ದೊಡ್ಡವರದು, ಮೇಜು ಮಕ್ಕಳದು. ಕೈ ಇಟ್ಟರೆ ತೋಳು ಕೆಳಗೆ ಇಳಿಯುತ್ತದೆ, ಬೆನ್ನು ಕುರ್ಚಿ ಬಿಡುತ್ತದೆ. ಪಟ್ಟಿಯ ನಡುಭಾಗ ಹೃದಯದ ಮಟ್ಟಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿತ್ತು.

ಲೆಕ್ಕ ಹಾಕಿದೆ. ಬಿಪಿಯ ಒಂದು ಪಾಯಿಂಟ್ ಅಂದರೆ ಒಂದು ಮಿಲಿಮೀಟರ್ ಪಾದರಸ. ತೋಳು ಹೃದಯಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟು ಎತ್ತರದ ರಕ್ತದ ಭಾರವೂ ಅಂಕಿಗೆ ಸೇರುತ್ತದೆ. ಪಾದರಸ ರಕ್ತಕ್ಕಿಂತ ಸುಮಾರು 13 ಪಟ್ಟು ಭಾರ. ಹಾಗಾಗಿ 10 ಸೆಂಟಿಮೀಟರ್ ರಕ್ತದ ಕಂಬ ಅಂದರೆ ಸುಮಾರು 8 ಮಿಲಿಮೀಟರ್ ಪಾದರಸ. ನಮ್ಮ 9ರಲ್ಲಿ 8 ಇಲ್ಲೇ ಇತ್ತು! ಉಳಿದ ಒಂದು ಆಸರೆ ಇಲ್ಲದ ಬೆನ್ನಿನದು ಇರಬಹುದು ಅಂತ ನರ್ಸ್ ಅಕ್ಕನ ಊಹೆ. 2024ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರೇ 133 ಜನರಲ್ಲಿ ಇದನ್ನೂ ನೋಡಿದ್ದಾರೆ. ಕೈಯನ್ನು ಮೇಜಿನ ಬದಲು ತೊಡೆಯ ಮೇಲೆ ಇಟ್ಟರೆ ಮೇಲಿನ ಅಂಕಿ ಸರಾಸರಿ 3.9 ಜಾಸ್ತಿ, ಪಕ್ಕದಲ್ಲಿ ಜೋತು ಬಿಟ್ಟರೆ 6.5 ಜಾಸ್ತಿ.

ರಕ್ತದ ಒತ್ತಡವನ್ನು ಮೊದಲು ಅಳೆದದ್ದೂ ಎತ್ತರದಿಂದಲೇ ಅಲ್ವಾ? ಅಳೆದವರು ಒಬ್ಬ ಪಾದ್ರಿ. ಇಂಗ್ಲೆಂಡಿನ ಟೆಡಿಂಗ್ಟನ್‌ನಲ್ಲಿ ಸೇವೆ ಮಾಡುತ್ತಿದ್ದ ಸ್ಟೀಫನ್ ಹೇಲ್ಸ್. ಕುದುರೆಯ ರಕ್ತನಾಳಕ್ಕೆ ಹಿತ್ತಾಳೆ ಕೊಳವೆ ಹಾಕಿ, ಅದಕ್ಕೆ ಉದ್ದದ ಗಾಜಿನ ಕೊಳವೆ ಜೋಡಿಸಿದರು. ರಕ್ತ 8 ಅಡಿ 3 ಅಂಗುಲ ಮೇಲೇರಿತು. 1733ರಲ್ಲಿ ಅದನ್ನು ಪ್ರಕಟಿಸಿದರು. ಕುದುರೆಯನ್ನು ನೆನೆದರೆ ಸಂಕಟ ಆಗುತ್ತದೆ. ಆದರೆ ಒತ್ತಡ ಅಂದರೆ ಎತ್ತರ ಅನ್ನುವುದು ಆ ಗಾಜಿನ ಕೊಳವೆಯಲ್ಲಿ ಎಷ್ಟು ಸ್ಪಷ್ಟ! ಕೊಳವೆ ಹೋಗಿ ಗುಂಡಿ ಒತ್ತುವ ಯಂತ್ರ ಬಂದ ಮೇಲೆ ಎತ್ತರವನ್ನೇ ನಾವು ಮರೆತಿದ್ದೆವು.

ಆವತ್ತು ರಾತ್ರಿ ನನಗೆ ಜಾಸ್ತಿ ನೋವಾದದ್ದು ಲೆಕ್ಕದಿಂದಲ್ಲ. ಬಂದವರಲ್ಲಿ ಶ್ರೀಮಂತನಿಗೆ ಒಳ್ಳೆಯ ಆಸನ, ಬಡವನಿಗೆ ಕಾಲ ಹತ್ತಿರದ ಜಾಗ ಕೊಡುವ ಸಭೆಯನ್ನು ಯಾಕೋಬನ ಪತ್ರಿಕೆ ಗದರಿಸುತ್ತದೆ. ಪಾಸ್ಟರ್ ಅದನ್ನು ಓದಿದ್ದು ನೂರು ಸಲ ಕೇಳಿದ್ದೇನೆ. ನಮ್ಮ ಅತಿಥಿಗಳಿಗೆ ನಾವು ಕೊಟ್ಟದ್ದು ಗಿಡ್ಡ ಮೇಜು. ಅದರಿಂದ ಬಂದ ತಪ್ಪು ಅಂಕಿಗೆ ಅವರ ಬದುಕನ್ನೇ ಕಾರಣ ಮಾಡಿದೆವು. ಇದನ್ನು ತಂಡಕ್ಕೆ ಹೇಳಿದಾಗ ಯಾರೂ ವಾದ ಮಾಡಲಿಲ್ಲ. ಮರಗೆಲಸ ಬಲ್ಲ ಒಬ್ಬರು ಮರುದಿನವೇ ಮೇಜಿನ ನಾಲ್ಕು ಕಾಲಿಗೂ 18 ಸೆಂಟಿಮೀಟರ್ ಮರದ ತುಂಡು ಕೂರಿಸಿ, ಅಲುಗಾಡದ ಹಾಗೆ ಅಡ್ಡಪಟ್ಟಿ ಹೊಡೆದರು. ಗಿಡ್ಡಗಿರುವವರಿಗೆ ಬೆನ್ನ ಹಿಂದೆ ದಿಂಬು, ಉದ್ದ ಇರುವವರಿಗೆ ತೋಳಿನ ಕೆಳಗೆ ಮಡಿಸಿದ ಟವೆಲ್. ಅವೇ 12 ಜನ ಮತ್ತೆ ಬಂದರು. ಅಂತರ 1 ಪಾಯಿಂಟಿಗೆ ಇಳಿಯಿತು.

ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ತಪ್ಪು ಅಂಕಿ ಬರೆದ ಕಾರ್ಡುಗಳು ಜನರ ಮನೆಯಲ್ಲಿವೆ. ಅಂಕಿ ಅವರದು, ಅವರ ಜೇಬಿನಲ್ಲೇ ಇರಲಿ ಅಂತ ನಾವು ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ. ಯಾರದೋ ಬಿಪಿ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ಬರಬಾರದಲ್ವಾ. ಹಾಗಾಗಿ ಯಾರಿಗೆ ತಪ್ಪು ಹೋಗಿದೆ ಅಂತ ಹುಡುಕಲು ನಮಗೆ ನೆನಪು, ಕಾಲು ಎರಡೇ ಗತಿ. ಇಬ್ಬಿಬ್ಬರಂತೆ ಸುತ್ತಿನ ಬೀದಿಗಳಿಗೆ ಹೋದೆವು. 'ನಮ್ಮ ಮೇಜು ಗಿಡ್ಡ ಇತ್ತು, ಅಂಕಿ ಜಾಸ್ತಿ ಬಂದಿದೆ, ಕ್ಷಮಿಸಿ, ಇನ್ನೊಮ್ಮೆ ನೋಡ್ತೀವಿ' ಅಂದೆವು. 9 ಕಳೆಯಿರಿ ಅಂತ ಮಾತ್ರ ಯಾರಿಗೂ ಹೇಳಲಿಲ್ಲ. ಒಬ್ಬೊಬ್ಬರ ತೋಳು ಎಷ್ಟು ಇಳಿದಿತ್ತೋ ನಮಗೆ ಗೊತ್ತಿಲ್ಲ. ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ, ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ ಅಂತ ಎರಡೆರಡು ಸಲ ಹೇಳಿದೆವು.

ಒಬ್ಬ ತಾಯಿಯ ಅಂಕಿ ಎತ್ತರದ ಮೇಜಿನಲ್ಲೂ 180 ದಾಟಿತು. 5 ನಿಮಿಷ ಕೂರಿಸಿ ಮತ್ತೆ ನೋಡಿದೆವು. ಇಳಿಯಲಿಲ್ಲ. ಎದೆ ನೋವು, ಉಸಿರು ಕಟ್ಟುವುದು, ಕೈಕಾಲು ಸೋಲುವುದು, ಮಾತು ತೊದಲುವುದು ಇವೆಯಾ ಅಂತ ನರ್ಸ್ ಅಕ್ಕ ಕೇಳಿದರು. ಯಾವುದೂ ಇರಲಿಲ್ಲ. ಇದ್ದಿದ್ದರೆ ಆ ಕ್ಷಣವೇ ಆಂಬುಲೆನ್ಸ್. ಆದರೂ ಕಾಯಿಸಲಿಲ್ಲ, ನಮ್ಮವರೊಬ್ಬರು ಜೊತೆಯಲ್ಲೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಗಿಡ್ಡ ಮೇಜಿನ ದಿನಗಳಲ್ಲಿ ಎಲ್ಲರದೂ ಜಾಸ್ತಿ ಬರುತ್ತಿದ್ದಾಗ, ನಿಜವಾಗಿ ಜಾಸ್ತಿ ಇದ್ದ ಇಂಥವರು ಗುಂಪಿನಲ್ಲಿ ಕಳೆದುಹೋಗಿರಬಹುದು. ಅದು ನನ್ನನ್ನು ಈಗಲೂ ಕಾಡುತ್ತದೆ.

ನರ್ಸ್ ಅಕ್ಕ ನಮ್ಮ ಜೊತೆ ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಸಭೆಗೊಬ್ಬ ನರ್ಸ್ ಅನ್ನುವ ಪ್ರಯೋಗವನ್ನು ಗ್ರೇಂಜರ್ ವೆಸ್ಟ್‌ಬರ್ಗ್ ಅನ್ನುವ ಲೂಥೆರನ್ ಪಾಸ್ಟರ್ 1984ರಲ್ಲಿ ಶಿಕಾಗೊ ಸುತ್ತಲಿನ ಚರ್ಚುಗಳಲ್ಲಿ ಶುರು ಮಾಡಿದ್ದರು. ಯಂತ್ರ ಕೊಳ್ಳಲು ಓಡುವ ಮುಂಚೆ ನಿಮ್ಮ ಸಾಲುಗಳಲ್ಲಿ ನಿವೃತ್ತ ನರ್ಸ್ ಯಾರಾದರೂ ಕೂತಿದ್ದಾರಾ ನೋಡಿ.

ಮೇಜಿನಲ್ಲಿ ಮಾತ್ರ ಬಿಪಿ ಅಂದಿದ್ದ ಹಿರಿಯರು ಈ ಭಾನುವಾರ ಬಂದರು. ಕೂರುವ ಮುಂಚೆ ಬಗ್ಗಿ ಹೊಸ ಕಾಲುಗಳನ್ನು ನೋಡಿದರು, ಒಮ್ಮೆ ಅಲುಗಾಡಿಸಿ ಪರೀಕ್ಷೆಯನ್ನೂ ಮಾಡಿದರು. 5 ನಿಮಿಷ ಕಣ್ಣು ಮುಚ್ಚಿ ಕೂತರು. 128/78. ಕಾರ್ಡ್ ಮಡಿಸಿ ಜೇಬಿಗೆ ಇಟ್ಟುಕೊಂಡು, ಮುಂದಿನ ತಿಂಗಳು ತಮ್ಮನನ್ನೂ ಕರ್ಕೊಂಡು ಬರ್ತೀನಿ, ಅವನ ತೋಳು ದಪ್ಪ ಅಂದರು.

ಎರಡನೇ ದೊಡ್ಡ ಪಟ್ಟಿ ಇನ್ನೂ ಬಂದಿಲ್ಲ. ನಾಳೆ ಬೆಳಗ್ಗೆ ಮತ್ತೆ ಫೋನ್ ಮಾಡುತ್ತೇನೆ.