ಹೂಳಿನಲ್ಲಿ ಸಿಕ್ಕ ಲೋಹವೆಲ್ಲ ಮಾಲಿನ್ಯವಲ್ಲ

ಶಿವಮೊಗ್ಗದ ಪ್ರಯೋಗಾಲಯವೊಂದರಲ್ಲಿ ತುಂಗಾ ಮತ್ತು ಭದ್ರಾ ನದಿಗಳ ಹೂಳಿನಲ್ಲಿರುವ ಭಾರಲೋಹಗಳನ್ನು ಅಳೆಯುವುದು ನನ್ನ ಉದ್ಯೋಗ. ಈ ಕೆಲಸದ ಬಹುಪಾಲು ಎಚ್ಚರಗಳನ್ನು ನಾನು ಕಲಿತದ್ದು ದೂರದ ಶೀತ ಸಮುದ್ರಗಳ, ಅದರಲ್ಲೂ ಬಾಲ್ಟಿಕ್ ಮತ್ತು ಗ್ರೀನ್‌ಲ್ಯಾಂಡ್ ತೀರದ, ತಳಕೆಸರಿನ ಅಧ್ಯಯನಗಳಿಂದ. ಮಾದರಿ ತಂದುಕೊಡುವವರು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಇದು ಕಲುಷಿತವೋ ಅಲ್ಲವೋ? ಒಂದು ಕಿಲೋ ಹೂಳಿನಲ್ಲಿ ಇಷ್ಟು ಮಿಲಿಗ್ರಾಂ ಸತು ಇದೆ ಎಂಬ ಅಂಕಿಯಿಂದಷ್ಟೇ ಅದಕ್ಕೆ ಉತ್ತರ ಹೇಳಲಾಗದು. ಅದರಲ್ಲಿ ಕಲ್ಲಿನಿಂದ ಬಂದದ್ದೆಷ್ಟು, ಮನುಷ್ಯರು ಸೇರಿಸಿದ್ದೆಷ್ಟು ಎಂಬುದನ್ನು ಬೇರ್ಪಡಿಸಬೇಕು.

ಲೋಹಗಳು ಮರಳಿಗಿಂತ ನುಣ್ಣನೆಯ ಜೇಡಿಗೆ ಹೆಚ್ಚು ಅಂಟಿಕೊಳ್ಳುತ್ತವೆ. ಆದ್ದರಿಂದ ಒಂದೇ ನದಿಯ ಮಡುವಿನ ಕೆಸರಿಗೂ ನಡುಹೊಳೆಯ ಮರಳಿಗೂ ಅಂಕಿಗಳು ಬಹಳ ದೂರ ನಿಲ್ಲುತ್ತವೆ. ಈ ವ್ಯತ್ಯಾಸವನ್ನು ಕಳೆಯಲು 63 ಮೈಕ್ರಾನಿನ ಜರಡಿಯಲ್ಲಿ ಸೋಸಿದ ಭಾಗವನ್ನು ಮಾತ್ರ ಪರೀಕ್ಷಿಸುತ್ತೇವೆ. ಜರಡಿ ನೈಲಾನಿನದೇ ಆಗಿರಬೇಕು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ, ನಾವು ಹುಡುಕುತ್ತಿರುವುದನ್ನೇ ಅದು ಮಾದರಿಗೆ ಬೆರೆಸಿಬಿಡುತ್ತದೆ. ಬಳಿಕ ಪ್ರತಿ ಲೋಹವನ್ನೂ ಅಲ್ಯೂಮಿನಿಯಂ ಜೊತೆಗಿನ ಅನುಪಾತವಾಗಿ ನೋಡುವುದು ವಾಡಿಕೆ, ಏಕೆಂದರೆ ಜೇಡಿಯ ಖನಿಜಗಳಲ್ಲಿ ಅದು ಹೇರಳವಾಗಿದೆ ಮತ್ತು ಮನುಷ್ಯರಿಂದ ಸೇರುವ ಪಾಲು ಅಲ್ಪ. ಆದರೆ ಹಿಮನದಿಗಳು ಬಂಡೆಯನ್ನು ಅರೆದು ತಂದು ಸುರಿದಿರುವ ಉತ್ತರದ ಸಮುದ್ರಗಳಲ್ಲಿ, ಅಲ್ಯೂಮಿನಿಯಂ ಇರುವ ಬಂಡೆಯ ಖನಿಜವಾದ ಫೆಲ್ಡ್‌ಸ್ಪಾರ್ ದಪ್ಪ ಕಣಗಳಲ್ಲೂ ಉಳಿದಿರುವುದರಿಂದ, ಅಲ್ಲಿನವರು ಲಿಥಿಯಂ ಅನ್ನು ಅಳತೆಗೋಲಾಗಿ ಬಳಸುವುದುಂಟು. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ತೊಂದರೆ ಬೇರೆ ಬಗೆಯದು: ಲಕ್ಷಾಂತರ ವರ್ಷಗಳ ಮಳೆಗೆ ಉಳಿದ ಬಹುಪಾಲು ಕರಗಿಹೋಗಿ ಕಬ್ಬಿಣವೂ ಅಲ್ಯೂಮಿನಿಯಮ್ಮೂ ತಾವಾಗಿಯೇ ಸಾಂದ್ರವಾಗಿವೆ. ಹೀಗಾಗಿ ಪುಸ್ತಕದ ಸರಾಸರಿಯನ್ನು ಬಿಟ್ಟು, ಅದೇ ಹೊಳೆಯ ಮೇಲ್ಭಾಗದ ಹೂಳನ್ನೇ ಹೋಲಿಕೆಗೆ ಇಟ್ಟುಕೊಳ್ಳಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೂ ಹೆಚ್ಚು ದಾರಿ ತಪ್ಪಿಸುವುದು ಮ್ಯಾಂಗನೀಸ್. ಬಾಲ್ಟಿಕ್‌ನ ಉತ್ತರ ತುದಿಯಲ್ಲಿರುವ ಬೋತ್ನಿಯಾ ಕೊಲ್ಲಿಯ ಕೆಸರಿನಲ್ಲಿ ಅದು ಮೇಲ್ಪದರದಲ್ಲೇ ಅತಿ ಹೆಚ್ಚು ಸಿಗುತ್ತದೆ. ಇದನ್ನು ಇತ್ತೀಚಿನ ಮಾಲಿನ್ಯವೆಂದು ಬರೆಯುವಂತಿಲ್ಲ. ಆಮ್ಲಜನಕವಿಲ್ಲದ ಕೆಳಪದರದಲ್ಲಿ ಮ್ಯಾಂಗನೀಸ್ ಕರಗಿ, ಕಣಗಳ ನಡುವಿನ ನೀರಿನಲ್ಲಿ ಮೇಲೇರಿ, ಆಮ್ಲಜನಕ ಸಿಕ್ಕೊಡನೆ ಆಕ್ಸೈಡ್ ಆಗಿ ಮತ್ತೆ ಕೂರುತ್ತದೆ. ಕಬ್ಬಿಣಕ್ಕೆ ಅಂಟಿದ ಆರ್ಸೆನಿಕ್ ಕೂಡ ಹೀಗೆಯೇ ಜಾಗ ಬದಲಿಸುತ್ತದೆ. ಕುಂಸಿಯ ಗುಡ್ಡಗಳಲ್ಲಿ ಮ್ಯಾಂಗನೀಸ್ ಅದಿರೇ ಇರುವ ನಮ್ಮ ಜಿಲ್ಲೆಯಲ್ಲಿ ಈ ವಿವೇಚನೆ ಇಲ್ಲದೆ ಸಹಿ ಹಾಕಿದ ವರದಿ ಯಾರ ಮೇಲೋ ಸುಳ್ಳು ಆರೋಪವಾದೀತು.

ಹಾಗೆಂದು ಮಾಲಿನ್ಯವೇ ಇಲ್ಲವೆಂದಲ್ಲ. ಪಶ್ಚಿಮ ಗ್ರೀನ್‌ಲ್ಯಾಂಡಿನ ಮಾರ್ಮೊರಿಲಿಕ್‌ನಲ್ಲಿ 1973ರಿಂದ 1990ರವರೆಗೆ ನಡೆದ ಸೀಸ ಮತ್ತು ಸತುವಿನ ಗಣಿಯ ತ್ಯಾಜ್ಯವನ್ನು ನೇರವಾಗಿ ಪಕ್ಕದ ಕಿರುಕೊಲ್ಲಿಗೆ ಬಿಡಲಾಯಿತು. ಅದರ ಗುರುತು ಕೆಸರಿನಲ್ಲಷ್ಟೇ ಅಲ್ಲ, ಕಡಲಕಳೆಯಲ್ಲೂ ಚಿಪ್ಪುಜೀವಿಗಳಲ್ಲೂ ಕಂಡಿತು. ಸ್ವೀಡನ್ನಿನ ರೋನ್‌ಶಾರ್‌ನಲ್ಲಿ 1930ರಲ್ಲಿ ಆರಂಭವಾದ ಲೋಹಶುದ್ಧೀಕರಣ ಘಟಕ ಬೋತ್ನಿಯಾಕ್ಕೆ ಅಪಾರ ಆರ್ಸೆನಿಕ್ ಸೇರಿಸಿದೆ. ಇಂಥಲ್ಲಿ ಸತ್ಯ ಹೇಳುವುದು ಕೊಳವೆಯಲ್ಲಿ ಇಡಿಯಾಗಿ ತೆಗೆದ ಕೆಸರಿನ ಕಂಬ. ಚೆರ್ನೋಬಿಲ್ ಅಣುಸ್ಥಾವರ ದುರಂತದ ವಿಕಿರಣಶೀಲ ಸೀಸಿಯಂ ಬಾಲ್ಟಿಕ್ ಸಮುದ್ರಕ್ಕೆ ಬಿದ್ದದ್ದರಿಂದ 1986ರ ಪದರವನ್ನು ಗುರುತಿಸಬಹುದು, ಅಲ್ಲಿಂದ ಕೆಳಗೂ ಮೇಲೂ ಲೋಹದ ಏರಿಳಿತವನ್ನು ಓದಬಹುದು.

ಭದ್ರಾ ಜಲಾಶಯದಲ್ಲೂ ಈ ಓದು ಸಾಧ್ಯ. ಹೊಳೆಯ ಮೇಲ್ಭಾಗದ ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುವ ಮೊದಲೇ ಅಣೆಕಟ್ಟು ಎದ್ದಿತ್ತು, ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಆದ್ದರಿಂದ ಗಣಿಗೆ ಮುಂಚಿನ ಹೂಳು, ಗಣಿಯ ಕಾಲದ ಹೂಳು, ಆಮೇಲಿನ ಹೂಳು ಮೂರೂ ಒಂದರ ಮೇಲೊಂದು ಕೂತಿರಬೇಕು. ಕೊಳವೆ ಇಳಿಸುವುದು ಮಾತ್ರ ಸದಾ ನೀರು ನಿಲ್ಲುವ ಆಳದಲ್ಲಿ ಆಗಬೇಕು. ಬೇಸಿಗೆಯಲ್ಲಿ ಬಿರುಕು ಬಿಡುವ ಅಂಚಿನ ಕೆಸರಿಗೆ ಗಾಳಿ ಹೊಕ್ಕು, ಜಾನುವಾರು ತುಳಿದು, ಪದರಗಳೆಲ್ಲ ಕಲಸಿಹೋಗಿರುತ್ತವೆ.